ಗೋಲಿ ನಿಲ್ಲುವ ನೆಲ

ನಮ್ಮ ಭಾವನಿಗೆ ಯಾರ ಮುಖವೂ ನೆನಪಿರುವುದಿಲ್ಲ, ನೆಲ ನೆನಪಿರುತ್ತದೆ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಮಾತಾಡಿಸಿದರೆ, ಇವರು ಯಾರಪ್ಪಾ ಎಂದು ತಲೆ ಕೆರೆದುಕೊಳ್ಳುತ್ತಾ ಸುಮ್ಮನೆ ನಗುತ್ತಾರೆ. ಆ ಮನುಷ್ಯ ತನ್ನ ಮನೆ ಯಾವುದೆಂದು ಹೇಳಿದ್ದೇ ತಡ, ಭಾವನ ಮುಖ ಅರಳುತ್ತದೆ.

"ಓಹೋ, ಮಲಗೋ ಕೋಣೆ ಬಾಗಿಲ ಹತ್ರ ಒಂದು ಟೈಲ್ಸ್ ಮೂಲೆ ಮುರಿದಿತ್ತಲ್ಲ, ಆ ಮನೆಯವರಾ? ಹೇಗಿದೆ ಈಗ?"

ಹೇಗಿದೆ ಎಂದು ಕೇಳುವುದು ನೆಲವನ್ನು. ಆ ಮನುಷ್ಯ ಪಾಪ ತನ್ನ ಆರೋಗ್ಯವನ್ನು ಕೇಳಿದರೆಂದುಕೊಂಡು ಬೆನ್ನುನೋವಿನಿಂದ ಶುರುಮಾಡುತ್ತಾನೆ.

ನೆಲ ಹಾಸುವ ಕೆಲಸದಲ್ಲಿ ಭಾವನಿಗೆ ಮೂವತ್ತು ವರ್ಷ ಕಳೆದಿವೆ. ಮೊದಲು ಜಮಖಾನದಂತೆ ಸುತ್ತಿದ ಪ್ಲಾಸ್ಟಿಕ್ ಹಾಸನ್ನು ಹೆಗಲ ಮೇಲೆ ಹೊರುತ್ತಿದ್ದರು, ಆಮೇಲೆ ಟೈಲ್ಸ್ ಕೂರಿಸಿದರು, ಈಗ ಹತ್ತು ವರ್ಷದಿಂದ ವಿನೈಲ್ ಹಲಗೆ. ಕೈಯಲ್ಲಿ ಸದಾ ಆ ಹಳದಿ ಮಟ್ಟಗೋಲು, ಅದೇ, ನಡುವೆ ನೀರಿನ ಗುಳ್ಳೆ ಓಡಾಡುವ ಕೋಲು. ಹಾಗಾಗಿ ಊರಿನವರು ಅವರನ್ನೇ ಮಟ್ಟಗೋಲು ಎಂದು ಕರೆಯುತ್ತಾರೆ. ಯಾರ ಮನೆಗೆ ಹೋದರೂ ಕೂರುವ ಮೊದಲು ಹೆಬ್ಬೆರಳಿನಿಂದ ನೆಲವನ್ನು ಉಜ್ಜಿ ನೋಡುವ ಚಟ. ನನ್ನ ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಹಾಗೆಯೇ ಮಾಡಿದ್ದರು. ಹುಡುಗಿ ಹೇಗಿದ್ದಾಳೆ ಭಾವ ಎಂದು ದಾರಿಯಲ್ಲಿ ಕೇಳಿದರೆ, "ಒಳ್ಳೇ ಜನ ಕಣೋ, ಹಾಲ್ ನೆಲದಲ್ಲಿ ಒಂದು ಎಳೆ ಇಳಿಜಾರಿಲ್ಲ" ಎಂದಿದ್ದರು.

ನಾನು ಟೈಲರು. ನನ್ನ ಅಕ್ಕನನ್ನು ಅವರಿಗೆ ಕೊಟ್ಟ ದಿನದಿಂದ ನಮ್ಮಿಬ್ಬರಿಗೂ ಒಂದೇ ಜಗಳ, ಯಾರ ಅಳತೆ ಕಷ್ಟ ಎಂದು. ಭಾವನ ವಾದ ಇದು: "ನಿನ್ನದೇನೋ ಕಷ್ಟ? ಅಳತೆ ತಪ್ಪಿದ್ರೆ ಗಿರಾಕಿ ಹೊಟ್ಟೆ ಒಳಗೆ ಎಳ್ಕೋತಾನೆ. ಗೋಡೆ ಎಳ್ಕೊಳ್ಳುತ್ತಾ?" ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ. ಅದೇ ನನ್ನ ಹೊಟ್ಟೆಯುರಿ.

ಈ ವಿನೈಲ್ ಹಲಗೆಯ ನೆಲಕ್ಕೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಒಂದು ಹಲಗೆಯ ಅಂಚು ಪಕ್ಕದ ಹಲಗೆಯ ಅಂಚಿಗೆ ಟಕ್ಕೆಂದು ಸಿಕ್ಕಿಕೊಳ್ಳುತ್ತದೆ, ಇಡೀ ನೆಲ ಒಂದೇ ಚಾಪೆಯಂತೆ ಹಳೆಯ ನೆಲದ ಮೇಲೆ ಸುಮ್ಮನೆ ಮಲಗಿರುತ್ತದೆ. ಸುತ್ತಲೂ ಗೋಡೆಗೆ ತಾಗದಂತೆ ಕಿರುಬೆರಳಿನಷ್ಟು ಸಂದು ಬಿಡಬೇಕು. ಬಿಸಿಲಿಗೆ ಹಿಗ್ಗಿದಾಗ ಅದಕ್ಕೆ ಜಾಗ ಬೇಕಲ್ಲ. ಸಂದು ಕಾಣದಂತೆ ಮೇಲೊಂದು ಪಟ್ಟಿ ಹೊಡೆಯುತ್ತಾರೆ. ಒಮ್ಮೆ ಒಬ್ಬ ರಿಟೈರಾದ ಮೇಷ್ಟ್ರು, ಪಟ್ಟಿ ಹೊಡೆಯುವ ಮೊದಲೇ ಆ ಸಂದನ್ನು ಕಂಡು, ಕೆಲಸಗಾರ ಹಲಗೆ ಉಳಿಸಿ ತನಗೆ ಮೋಸ ಮಾಡಿದನೆಂದುಕೊಂಡು ಉದ್ದಕ್ಕೂ ಸಿಮೆಂಟು ತುಂಬಿಬಿಟ್ಟರಂತೆ. ಬೇಸಿಗೆ ಬಂದಾಗ ಫೋನು: "ಏನಪ್ಪಾ, ನಿನ್ನ ನೆಲ ಎದ್ದು ಕೂತಿದೆ!" ಭಾವ ಹೇಳಿದರಂತೆ: "ಉಸಿರು ಕಟ್ಟಿಸಿದ್ರೆ ಯಾರಾದ್ರೂ ಎದ್ದು ಕೂರ್ತಾರೆ ಸಾರ್."

ಇನ್ನು ಗೋಲಿ. ಭಾವನ ಅಂಗಿ ಜೇಬಿನಲ್ಲಿ ಒಂದು ಹಸಿರು ಗಾಜಿನ ಗೋಲಿ ಇರುತ್ತದೆ. ಕೆಲಸ ಮುಗಿದ ಮೇಲೆ ಮನೆಯವರನ್ನೆಲ್ಲ ಕರೆದು, ಕೋಣೆಯ ನಡುವೆ ಅದನ್ನು ಇಟ್ಟು ಕೈ ತೆಗೆಯುತ್ತಾರೆ. ಗೋಲಿ ಇಟ್ಟಲ್ಲೇ ನಿಲ್ಲುತ್ತದೆ. ಮನೆಯವರು ಚಪ್ಪಾಳೆ ತಟ್ಟಿದರೂ ಸರಿ, ಬಿಟ್ಟರೂ ಸರಿ, ಭಾವ ಗೋಲಿಯನ್ನು ಜೇಬಿಗೆ ಹಾಕಿಕೊಂಡು ಒಂದು ಲೋಟ ಟೀ ಕುಡಿದು ಹೊರಡುತ್ತಾರೆ. ಹಲಗೆಯ ಕಂಪನಿಯವರೇ ಹೇಳುವ ಪ್ರಕಾರ ನೆಲ ತಗ್ಗು ಉಬ್ಬಿಲ್ಲದೆ ಇದ್ದರೆ ಸಾಕು, ಸ್ವಲ್ಪ ಇಳಿಜಾರಿದ್ದರೂ ನಡೆಯುತ್ತದೆ. ಭಾವನಿಗೆ ನಡೆಯುವುದಿಲ್ಲ. ಗೋಲಿ ಓಡಿದ ಕೆಲಸಕ್ಕೆ ಅವರು ಟೀ ಮುಟ್ಟುವುದಿಲ್ಲ.

ಊರಿಗೆಲ್ಲ ಇಂಥ ನೆಲ ಹಾಸಿದ ಮನುಷ್ಯನ ಸ್ವಂತ ಮನೆಯ ನೆಲವನ್ನು ನೀವು ನೋಡಬೇಕಿತ್ತು. ಮದುವೆಯಾದ ಹೊಸದರಲ್ಲಿ ಕೊಂಡ ಹಳೆಯ ಮನೆ. ಹಾಲಿಗೆ ಯಾವ ಕಾಲದ್ದೋ ಕೆಂಪು ಸಿಮೆಂಟು, ಅದರ ತುಂಬ ಬಿರುಕು. ಅಡುಗೆಮನೆಯನ್ನು ಯಾರೋ ಆಮೇಲೆ ಕಟ್ಟಿಸಿದ್ದು, ಅದಕ್ಕೆ ಕಲ್ಲಿನ ಚಪ್ಪಡಿ. ಎರಡೂ ಸೇರುವ ಬಾಗಿಲಲ್ಲಿ ಹೆಬ್ಬೆರಳ ದಪ್ಪದ ಏರು. ಇಪ್ಪತ್ತಾರು ವರ್ಷ ಅಕ್ಕ ಅಲ್ಲಿ ಕಾಲೆತ್ತಿ ದಾಟಿದಳು. ಇಪ್ಪತ್ತಾರು ವರ್ಷ ಭಾವ "ಈ ಕೆಲಸ ಒಂದು ಮುಗೀಲಿ, ಮುಂದಿನದು ನಮ್ಮ ಮನೆಯೇ" ಎಂದರು. ಅಕ್ಕ ಮೊದಲು ಕೇಳುತ್ತಿದ್ದಳು, ಆಮೇಲೆ ಗೊಣಗುತ್ತಿದ್ದಳು, ಆಮೇಲೆ ಅದೂ ನಿಂತಿತು. ನಿಂತದ್ದನ್ನು ನಾವು ಯಾರೂ ಗಮನಿಸಲಿಲ್ಲ.

ಎರಡು ತಿಂಗಳ ಹಿಂದೆ, ಒಗೆದು ಮಡಚಿದ ಬಟ್ಟೆಯನ್ನು ಮೂಗಿನವರೆಗೂ ಹೊತ್ತು ಬರುವಾಗ ಅಕ್ಕ ಆ ಏರಿಗೆ ಎಡವಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆ ಹೊತ್ತಿನಲ್ಲಿ ಭಾವ ಯಾರದೋ ಮನೆಯಲ್ಲಿ ಗೋಲಿ ನಿಲ್ಲಿಸುತ್ತಿದ್ದರು.

ಆಪರೇಷನ್ ಆದ ಮೂರನೇ ದಿನ ಆಸ್ಪತ್ರೆಯಲ್ಲಿ ನಾನೂ ಇದ್ದೆ. ಭಾವ ಮಂಚದ ಪಕ್ಕ ಕೂತು, ಮುಖ ಸಣ್ಣ ಮಾಡಿಕೊಂಡು ಹೇಳಿದರು: "ನೆಲ ಮಾಡ್ತೀನಿ ಕಣೇ. ಈ ಸಲ ಖಂಡಿತ."

ಅಕ್ಕ ಕೈ ಚಾಚಿದಳು. "ಗೋಲಿ ಕೊಡಿ."

"ಯಾಕೆ?"

"ಕೊಡಿ ಅಂದೆ."

ಭಾವ ಕೊಟ್ಟರು. ಅಕ್ಕ ಅದನ್ನು ತನ್ನ ಕನ್ನಡಕದ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದಳು. ಆಮೇಲೆ ತಾನು ಬಹಳ ದಿನದಿಂದ ಯೋಚಿಸಿಟ್ಟುಕೊಂಡಿದ್ದವಳಂತೆ ನಿಧಾನವಾಗಿ ಹೇಳಿದಳು: "ಡಾಕ್ಟರು ಮತ್ತೆ ತೋರಿಸಬೇಕು ಅಂದಿರೋ ದಿನ ಮಗಳು ಕಾರ್ ತಗೊಂಡು ಬರ್ತಾಳೆ. ಅಲ್ಲಿಂದ ನೇರ ನಮ್ಮ ಮನೆಗೆ ಬರ್ತೀನಿ. ಇದನ್ನ ಅಡುಗೆಮನೆ ಬಾಗಿಲಲ್ಲಿ ಇಡಿಸ್ತೀನಿ. ಇದು ನಿಂತರೆ ನಾನು ಇರ್ತೀನಿ. ಓಡಿದರೆ ಅದೇ ಕಾರಲ್ಲಿ ಮಗಳ ಮನೆಗೆ ಹೋಗ್ತೀನಿ. ಆಮೇಲೆ ಕರೀಬೇಡಿ, ನಾನು ಬರಲ್ಲ."

ಅವಳು ಕೂಗಾಡಿದ್ದರೆ ಭಾವ ಹೆದರುತ್ತಿರಲಿಲ್ಲ. ಕೂಗಾಟ ಅವರಿಗೆ ಅಭ್ಯಾಸವಿತ್ತು. ಅಕ್ಕ ಅಷ್ಟು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದಳು. ಭಾವ ಖಾಲಿ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತಾ ನನ್ನ ಹಿಂದೆ ಹೊರಗೆ ಬಂದರು.

ಆಸ್ಪತ್ರೆಯಿಂದ ಅಕ್ಕನನ್ನು ನಮ್ಮ ಮನೆಗೆ ಕರೆತಂದೆವು. ಆರು ವಾರ ಅಲ್ಲೇ ಇದ್ದು, ನಡೆಯುವ ಸ್ಟ್ಯಾಂಡ್ ಹಿಡಿದು ಮೊದಲು ಮಂಚದಿಂದ ಕಿಟಕಿಗೆ, ಆಮೇಲೆ ಕಿಟಕಿಯಿಂದ ಬಾಗಿಲಿಗೆ ನಡೆಯುವುದನ್ನು ಕಲಿತಳು. ಭಾವ ದಿನಾ ಸಂಜೆ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ನೆಲದ ಸುದ್ದಿ ಇಬ್ಬರೂ ಎತ್ತುತ್ತಿರಲಿಲ್ಲ.

ಭಾವನ ಜೊತೆ ಕೆಲಸ ಮಾಡುವವರು ಮೂರು ಜನ ತಾವಾಗಿಯೇ ಬಂದು, ನೀವು ಕೂತು ನೋಡಿ, ನಾವು ಎರಡು ದಿನದಲ್ಲಿ ಹಾಸಿಕೊಡುತ್ತೇವೆ ಎಂದರು. ಭಾವ ಒಪ್ಪಲಿಲ್ಲ. "ನನ್ನ ಮನೆ ನೆಲಕ್ಕೆ ಬೇರೆಯವರ ಮಂಡಿ ಊರೋದಾ?" ತಮ್ಮ ಮಂಡಿಗಳೋ, ಕೂತರೆ ಏಳಿಸುವುದಿಲ್ಲ, ಎದ್ದರೆ ಕೂರಿಸುವುದಿಲ್ಲ. ಕೊನೆಗೆ ನನಗೆ ಹುಕುಂ ಆಯಿತು: "ನೀನು ಬಾ. ಅಳತೆ ಗೊತ್ತಿರೋನು, ಮಾತು ಜಾಸ್ತಿ, ಆದರೂ ಪರವಾಗಿಲ್ಲ." ಮಾತು ಯಾರದ್ದು ಜಾಸ್ತಿ ಎಂದು ಕೇಳುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಅಂಗಡಿಗೆ ಬೀಗ ಹಾಕಿ ನಾನೂ ಹೋದೆ.

ಡಾಕ್ಟರು ಹೇಳಿದ ದಿನ ಸೋಮವಾರ. ಹಿಂದಿನ ಭಾನುವಾರವೇ ಹಲಗೆಯ ಪೆಟ್ಟಿಗೆಗಳನ್ನು ತಂದು ಹಾಲಿನಲ್ಲಿ ಮಲಗಿಸಿದೆವು. ಹಾಸುವ ಮೊದಲು ಎರಡು ದಿನ ಆ ಮನೆಯ ಗಾಳಿಗೆ ಹೊಂದಿಕೊಳ್ಳಬೇಕಂತೆ. ಹೊಸ ಸೊಸೆಗೂ ಇಷ್ಟು ಉಪಚಾರ ಇಲ್ಲ ಎಂದೆ. ಭಾವ ನಗಲಿಲ್ಲ. ಸಾಮಾನೆಲ್ಲ ಹಿತ್ತಲಿಗೆ ಸಾಗಿಸಿ, ಬಾಗಿಲ ಏರನ್ನು ಮೆಷಿನ್ನಿನಲ್ಲಿ ಉಜ್ಜಿ ತೆಗೆದರು. ಆ ಧೂಳು ನನ್ನ ಹುಬ್ಬಿನಲ್ಲಿ ಮೂರು ದಿನ ಇತ್ತು.

ಮಂಗಳವಾರ ತಗ್ಗು ತುಂಬುವ ಕೆಲಸ. ನೀರಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ ಸುರಿದರೆ ತಾನಾಗಿ ಹರಡಿಕೊಂಡು ಒಂದು ದಿನದಲ್ಲಿ ಗಟ್ಟಿಯಾಗುವ ಒಂದು ಬೂದು ಪುಡಿ ಬರುತ್ತದೆ. ಬೇರೆಯವರ ಮನೆಯಲ್ಲಾದರೆ ಭಾವ ಇದಕ್ಕೆ ಮೊದಲು ಅರ್ಧ ದಿನ ಮಟ್ಟಗೋಲು ಹಿಡಿದು ನೆಲದ ಉದ್ದಗಲ ತೆವಳುತ್ತಾರೆ, ದಾರ ಕಟ್ಟುತ್ತಾರೆ, ಎಲ್ಲೆಲ್ಲೂ ಗುರುತು ಹಾಕುತ್ತಾರೆ. ಇಲ್ಲಿ ಮಾತ್ರ ಬಕೆಟ್ಟು ಹಿಡಿದು ಸೀದಾ ಕಿಟಕಿಯ ಮೂಲೆಗೆ ನಡೆದರು.

"ಮಟ್ಟಗೋಲು ಇಡಲ್ವಾ ಭಾವ?"

"ಅದು ಊರವರ ಮನೆಗೆ. ನನ್ನ ಮನೆ ಇಳಿಜಾರು ನನಗೆ ಗೊತ್ತಿಲ್ವಾ? ಎಲ್ಲಾ ಈ ಕಿಟಕಿ ಕಡೆಗೇ. ಅಂಗಿ ಗುಂಡಿ ಬೀಳಲಿ, ಪೆನ್ಸಿಲ್ ಬೀಳಲಿ, ನನ್ನ ಮಾತ್ರೆ ಬೀಳಲಿ, ಇಪ್ಪತ್ತಾರು ವರ್ಷದಿಂದ ಬಂದು ನಿಲ್ಲೋದು ನನ್ನ ಕುರ್ಚಿ ಕಾಲಿಗೇ."

ನಾನು ಮತ್ತೆ ಗೊಣಗಿದೆ. ನನ್ನ ಬಾಯಿ ಮುಚ್ಚಿಸಲು ಕುರ್ಚಿ ಇರುತ್ತಿದ್ದ ಜಾಗದಲ್ಲಿ ಒಂದೇ ಒಂದು ಸಲ ಮಟ್ಟಗೋಲು ಇಟ್ಟರು. ಗುಳ್ಳೆ ಹಾಲಿನ ನಡುವಿನ ಕಡೆ ಏರಿತು. ಅಂದರೆ ತಗ್ಗು ಕಿಟಕಿಯ ಕಡೆ. "ನೋಡಿದ್ಯಾ?" ಎಂದು ಹುಬ್ಬು ಹಾರಿಸಿ, ನಾಲ್ಕು ಬಕೆಟ್ಟು ಅಲ್ಲೇ ಸುರಿದರು. ಮೂವತ್ತು ವರ್ಷದ ಅನುಭವದ ಮುಂದೆ ಟೈಲರು ಎಷ್ಟು ಹೊತ್ತು ವಾದ ಮಾಡುತ್ತಾನೆ?

ಗುರುವಾರ ಹಲಗೆ ಹಾಸಿದೆವು. ಅದರ ಖುಷಿ ಬೇರೆಯೇ. ತೆಳು ಫೋಮ್ ಹಾಳೆ ಹರಡಿ, ಉದ್ದದ ಗೋಡೆಯಿಂದ ಶುರುಮಾಡಿ, ಒಂದು ಸಾಲಿನಲ್ಲಿ ಹಲಗೆ ಸೇರುವ ಕೂಡು ಪಕ್ಕದ ಸಾಲಿನ ಕೂಡಿಗೆ ಎದುರಾಗದಂತೆ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಸಾಗುವುದು. ಕತ್ತರಿಸುವ ಕೆಲಸ ನನ್ನದು. ಚಾಕುವಿನಿಂದ ಗೀರಿ, ಮಂಡಿಗೆ ಒತ್ತಿದರೆ ಹಲಗೆ ಗೀರಿದಲ್ಲೇ ಪಟ್ಟೆಂದು ಮುರಿಯುತ್ತದೆ. ನನ್ನ ಗೀರು ಎಳ್ಳಷ್ಟೂ ಓರೆಯಾಗದ್ದನ್ನು ಕಂಡು ಭಾವ, "ಕೈ ಪರವಾಗಿಲ್ಲ. ಬಟ್ಟೆಗೆ ವ್ಯರ್ಥ ಮಾಡ್ಬಿಟ್ಟೆ" ಎಂದರು. ಅವರ ಬಾಯಲ್ಲಿ ಅದೇ ದೊಡ್ಡ ಬಿರುದು.

ಹಾಸುವ ಮೊದಲು ಪ್ರತಿ ಹಲಗೆಯ ಬೆನ್ನಿಗೂ ಪೆನ್ಸಿಲಿನಲ್ಲಿ ಸಾಲಿನ ನಂಬರು, ಹಲಗೆಯ ನಂಬರು ಬರೆಯುವುದು ಭಾವನ ಪದ್ಧತಿ. ಮುಂದೆ ಯಾವತ್ತಾದರೂ ಬಿಚ್ಚಬೇಕಾಗಿ ಬಂದರೆ ಹಾಗೆಯೇ ಮರಳಿ ಜೋಡಿಸಬಹುದು. "ನಮ್ಮದನ್ನು ಯಾರು ಬಿಚ್ತಾರೆ ಭಾವ?" ಎಂದು ನಕ್ಕೆ. "ಬರಿ ಸುಮ್ನೆ" ಎಂದರು. ಬರೆದೆ. ಆ ಒಂದು ಮಾತಿಗೆ ನಾನು ಅವರಿಗೆ ಋಣಿ.

ಸಂಜೆ ಹೊತ್ತಿಗೆ ಹಳೆಯ ಮನೆ ಗುರುತೇ ಸಿಗಲಿಲ್ಲ. ತಿಳಿ ಕಂದು ಬಣ್ಣದ ನೆಲ ಹಾಲಿನಿಂದ ಅಡುಗೆಮನೆಯವರೆಗೆ ಒಂದೇ ಸಮ ಹರಿದಿತ್ತು. ಭಾವ ಚಪ್ಪಲಿ ಬಿಟ್ಟು ಅತ್ತಿಂದಿತ್ತ ಓಡಾಡಿದರು. ತಮ್ಮ ಮನೆಯಲ್ಲಿ ತಾವೇ ನೆಂಟರಾದಂತೆ ಬಾಗಿಲಲ್ಲಿ ನಿಂತು ನೋಡಿದರು.

ಶುಕ್ರವಾರ ಬೆಳಿಗ್ಗೆ ನಾನು ಬರುವಾಗ ದಾರಿಯ ಅಂಗಡಿಯಲ್ಲಿ ಒಂದು ಪೊಟ್ಟಣ ಗೋಲಿ ಕೊಂಡೆ. ಭಾವನದು ಅಕ್ಕನ ಹತ್ತಿರ ಇತ್ತಲ್ಲ. ಭಾವ ಪೊಟ್ಟಣ ನೋಡಿ ಮೂಗು ಮುರಿದರು. "ಅಂಗಡಿ ಗೋಲಿ ನಂಬೋ ಹಾಗಿಲ್ಲ." ನಂಬಬೇಡಿ, ನೋಡಿ ಎಂದು ಹತ್ತನ್ನೂ ಹಾಲಿನ ನಡುವೆ ಸಾಲಾಗಿ ಇಟ್ಟು ಕೈ ತೆಗೆದೆ.

ಹತ್ತೂ ಹೊರಟವು. ಮೊದಲು ಒಂದು, ಅದರ ಹಿಂದೆ ಎರಡು, ಆಮೇಲೆ ಮಿಕ್ಕವೆಲ್ಲ. ಶಾಲೆಯ ಗಂಟೆ ಹೊಡೆದಂತೆ, ಒಂದಕ್ಕೊಂದು ತಾಗಿ ಟಿಣ್ ಟಿಣ್ ಎನ್ನುತ್ತಾ ಅಡುಗೆಮನೆ ಬಾಗಿಲ ಕಡೆ ಓಡಿ, ಚೌಕಟ್ಟಿನ ಮೂಲೆಯಲ್ಲಿ ಗುಂಪುಗೂಡಿದವು. ಕಿಟಕಿಯ ಕಡೆಗೆ ಒಂದೂ ಹೋಗಲಿಲ್ಲ.

"ಗೋಲಿ ಸರಿಯಿಲ್ಲ" ಎಂದರು ಭಾವ.

ಪೆನ್ಸಿಲ್ ಇಟ್ಟರು, ಅದೂ ಅಲ್ಲಿಗೇ ಹೋಯಿತು. ನನ್ನ ಚೀಲದಿಂದ ದಾರದ ಉಂಡೆ ತೆಗೆದು ಬಿಟ್ಟರು. ಅದು ಹೋಗುವುದಲ್ಲದೆ ದಾರಿಯುದ್ದಕ್ಕೂ ನೀಲಿ ದಾರ ಬಿಟ್ಟುಕೊಂಡು ಹೋಯಿತು, ನಾವು ಮತ್ತೆ ಮರೆಯದಿರಲಿ ಎಂದು. ಕೊನೆಗೆ ಮಟ್ಟಗೋಲು ತಂದರು. ಎಂಟು ಕಡೆ ಇಟ್ಟರು. ಪ್ರತಿ ಸಲವೂ ಏಳುವಾಗ ನನ್ನ ಹೆಗಲು ಹಿಡಿದರು. ಹಾಲಿನ ನಡುವೆ ಹಳೆಯ ನೆಲದಲ್ಲಿ ಒಂದು ಉಬ್ಬು ಇದೆ. ಅದರ ಒಂದು ಪಕ್ಕ ಕಿಟಕಿಯ ಕಡೆ ಇಳಿಯುತ್ತದೆ, ಇನ್ನೊಂದು ಪಕ್ಕ ಬಾಗಿಲ ಕಡೆ. ಕಿಟಕಿಯ ಕಡೆ ನಾವು ತುಂಬಿ ಎತ್ತರಿಸಿದ್ದರಿಂದ ಈಗ ಮನೆಯೆಲ್ಲ ಬಾಗಿಲ ಕಡೆಗೆ ವಾಲಿತ್ತು.

ನನಗೆ ಪಿತ್ತ ನೆತ್ತಿಗೇರಿತು. "ಊರೆಲ್ಲ ತೆವಳಿಕೊಂಡು ಅಳೆಯೋರು, ಸ್ವಂತ ಮನೆ ಅಂದ ತಕ್ಷಣ ಅಂದಾಜಾ? ಮಟ್ಟಗೋಲು ಇಡಿ ಅಂದೆ. ಬಡ್ಕೊಂಡೆ. ಕಿವಿ ಮೇಲೆ ಹಾಕ್ಕೊಂಡ್ರಾ?" ಎಂದೆಲ್ಲ ಕೂಗಾಡಿದೆ. ಭಾವ ಮಟ್ಟಗೋಲನ್ನು ಅಂಗಿಯ ತುದಿಯಿಂದ ಒರೆಸುತ್ತಾ ನಿಂತರು. ಅದನ್ನು ಕಂಡು ನನಗೇ ಪಾಪ ಅನಿಸಿ ದನಿ ಇಳಿಸಿ ಒಂದು ಉಪಾಯ ಹೇಳಿದೆ. "ಬಾಗಿಲಲ್ಲಿ ಒಂದು ಕಾಲೊರಸು ಹಾಕಿಬಿಡೋಣ. ಗೋಲಿ ಅದರ ಮೇಲೆ ಇಟ್ಟರೆ ಎಲ್ಲಿಗೂ ಹೋಗಲ್ಲ. ಅಕ್ಕನಿಗೆ ಏನು ಗೊತ್ತಾಗುತ್ತೆ?"

ಆಗ ಸಿಟ್ಟು ಬಂತು ನೋಡಿ ಅವರಿಗೆ. "ಆ ಕಾಲೊರಸಿಗೆ ಮತ್ತೆ ಎಡವಿದ್ರೆ? ಹೂಂ? ಆ ಬಾಗಿಲಲ್ಲೇ ಮತ್ತೆ ಬಿದ್ರೆ?" ಎಂದವರೇ ಗೋಡೆಯಂಚಿನ ಹಲಗೆಗೆ ಉಳಿ ಹಾಕಿ ಎತ್ತಿದರು. ಎರಡು ಗಂಟೆಯಲ್ಲಿ ಒಂದೊಂದಾಗಿ ಬಿಚ್ಚಿ, ನಂಬರಿನ ಪ್ರಕಾರ ಹೊರಗೆ ಜೋಡಿಸಿಟ್ಟೆವು. ಕೆಂಪು ಸಿಮೆಂಟು ಮತ್ತೆ ಹಲ್ಲು ಕಿರಿಯಿತು.

ಇನ್ನು ತಗ್ಗು ಎಲ್ಲೆಲ್ಲಿ ಎಂದು ಹುಡುಕಬೇಕು. ದೊಡ್ಡ ಇಳಿಜಾರು ಮಟ್ಟಗೋಲಿಗೆ ಸಿಕ್ಕಿತ್ತು. ಆದರೆ ಹಳೆಯ ಸಿಮೆಂಟಿನಲ್ಲಿ ತಟ್ಟೆಯ ಹಾಗೆ ಸಣ್ಣ ಸಣ್ಣ ಗುಳಿಗಳಿರುತ್ತವೆ. ಅವನ್ನು ಬಿಟ್ಟರೆ ಮೇಲೆ ಕಾಲಿಟ್ಟಾಗಲೆಲ್ಲ ಹಲಗೆ ಬಗ್ಗಿ, ಒಂದು ದಿನ ಕೂಡು ಬಿಡುತ್ತದೆ. ಗೇಣು ಗೇಣಿಗೂ ಮಟ್ಟಗೋಲು ಇಡುತ್ತಾ ತೆವಳಲು ಭಾವನ ಮಂಡಿ ಆಗಲೇ ಕೈಕೊಟ್ಟಿದ್ದವು. ನನಗೆ ಹಿಡಿಯಲು ಬಂದರೂ ಓದಲು ಬರುವುದಿಲ್ಲ.

"ನೀರು ಸುರಿದು, ಎಲ್ಲಿ ನಿಲ್ಲುತ್ತೆ ಅಂತ ನೋಡಿದ್ರೆ ಹತ್ತು ನಿಮಿಷದ ಕೆಲಸ" ಎಂದರು ಭಾವ, ಗೋಡೆಗೆ ಒರಗಿ ಕಾಲು ಚಾಚಿಕೊಂಡು. "ಆದರೆ ಇವತ್ತು ನೀರು ಹಾಕಿದ್ರೆ ಒಣಗೋಕೇ ಎರಡು ದಿನ ಬೇಕು. ಇವತ್ತು ಮಧ್ಯಾಹ್ನವೇ ಪುಡಿ ಸುರೀಬೇಕು. ಸೋಮವಾರ ಅವಳು ಬರ್ತಾಳೆ."

ನನಗೆ ತಟ್ಟನೆ ಹೊಳೆಯಿತು. "ಈ ನೆಲಕ್ಕೆ ದಿನಾ ನೀರು ಹಾಕಿ, ಎಲ್ಲಿ ನಿಲ್ಲುತ್ತೆ ಅಂತ ನೋಡಿದವಳು ಒಬ್ಬಳಿದ್ದಾಳಲ್ಲ ಭಾವ. ಇಪ್ಪತ್ತಾರು ವರ್ಷ ಒರೆಸಿದ್ದಾಳೆ."

ಭಾವ ನನ್ನನ್ನೇ ನೋಡಿದರು. ಕೇಳಿದರೆ ತಪ್ಪು ಮಾಡಿದ್ದು ಗೊತ್ತಾಗುತ್ತದೆ. ಗೊತ್ತಾದರೆ ಅವಳು ಸೋಮವಾರದವರೆಗೂ ಕಾಯದೆ ಮಗಳಿಗೆ ಫೋನು ಮಾಡಿಯಾಳು. ಕೇಳದಿದ್ದರೆ ಗೋಲಿ ಓಡುತ್ತದೆ. ಇಷ್ಟೂ ಅವರ ಮುಖದ ಮೇಲೆ ಹಾದುಹೋಯಿತು. ಆಮೇಲೆ, "ಮಾಡು ಫೋನು" ಎಂದರು.

ನನ್ನ ಹೆಂಡತಿ ಎತ್ತಿ ಅಕ್ಕನಿಗೆ ಕೊಟ್ಟಳು. ಫೋನನ್ನು ಸ್ಪೀಕರಿಗೆ ಹಾಕಿ ಹಾಲಿನ ನಡುವೆ ನೆಲದ ಮೇಲಿಟ್ಟೆ.

"ನೋಡೇ, ನಾನು..." ಎಂದರು ಭಾವ. "ಎಲ್ಲಾ ಹಾಸಿದ್ದೆ. ಈಗ ಬಿಚ್ಚಿದೀನಿ."

ಆ ಕಡೆಯಿಂದ ಅಕ್ಕನ ದನಿ: "ಬಾಗಿಲ ಕಡೆ ಓಡ್ತಾ?"

"ಹೂಂ."

"ಸೀಮೆಸುಣ್ಣ ತಗೊಳ್ಳಿ."

ಭಾವ ತಗೊಂಡರು. ಅಕ್ಕ ನಮ್ಮ ಮನೆಯ ಮಂಚದ ಮೇಲೆ ಮಲಗಿಕೊಂಡೇ ಹೇಳುತ್ತಾ ಹೋದಳು. ಅವಳ ಅಳತೆ ಅಡಿ ಇಂಚಿನದಲ್ಲ. "ಅಡುಗೆಮನೆ ಬಾಗಿಲಿಗೆ ಬೆನ್ನು ಹಾಕಿ ಕೂತು ಬಟ್ಟೆ ಎರಡು ಸಲ ಬೀಸಿ. ಎರಡನೇ ಸಲ ಕೈ ಎಲ್ಲಿ ನಿಲ್ಲುತ್ತೋ ಅಲ್ಲಿ ಒಂದು. ಊಟದ ತಟ್ಟೆಯಷ್ಟು ಅಗಲ. ಅದಕ್ಕೆ ಎರಡು ಸಲ ಹಿಂಡಬೇಕು." ಹಿಂಡುವ ಲೆಕ್ಕ ಎಂದರೆ ಆಳ. ಒಂದು ಸಲ ಹಿಂಡಿದರೆ ತೆಳು ಗುಳಿ, ಮೂರು ಸಲ ಎಂದರೆ ಆಳದ್ದು. "ಅಲ್ಲಿಂದ ಬೀರು ಕಡೆ ತಿರುಗಿ, ಒಂದು ಬೀಸು. ಅಲ್ಲಿ ಉದ್ದಕ್ಕಿದೆ, ಸೌತೆಕಾಯಿ ಥರ. ಒಂದೇ ಸಲ ಹಿಂಡಿದ್ರೆ ಸಾಕು. ದೊಡ್ಡ ಬಿರುಕಿನ ಪಕ್ಕ ಇನ್ನೊಂದು, ಅದು ಮೋಸದ್ದು. ಕಾಣಲ್ಲ. ಒಣಗಿದ ಮೇಲೆ ಬಿಳೀ ಗೆರೆ ಬಿಡುತ್ತೆ."

ಭಾವ ಮಂಡಿಯೂರಿ, ಬಟ್ಟೆಯಿಲ್ಲದ ಕೈಯನ್ನು ನೆಲದ ಮೇಲೆ ಬೀಸುತ್ತಾ, ಅಕ್ಕ ಹೇಳಿದಲ್ಲೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಿದರು. ಪ್ರತಿಯೊಂದರ ಮೇಲೂ ಮಟ್ಟಗೋಲು ಇಟ್ಟು ನೋಡಿದರು. ಹನ್ನೊಂದು ಗುಳಿ ಹೇಳಿದಳು, ಹನ್ನೊಂದೂ ಇದ್ದವು. ಒಂದರಲ್ಲೂ ಗೇಣು ಆಚೀಚೆ ಇರಲಿಲ್ಲ. ಆ ಮೋಸದ್ದು ಕೂಡ ಸಿಕ್ಕಿತು. ಅದಕ್ಕೆ ಮಟ್ಟಗೋಲಿಟ್ಟು, ಅದರಡಿ ಬೆಳಕು ತೂರಿ ಬರುವುದನ್ನು ನೋಡಿ ಭಾವ ಬಹಳ ಹೊತ್ತು ಹಾಗೇ ಬಗ್ಗಿದ್ದರು. ನನಗೆ ನಾಚಿಕೆಯಾಯಿತು. ನಾನು ಅವರಿಬ್ಬರ ಮನೆಗೆ ಸಾವಿರ ಸಲ ಹೋಗಿ ಉಂಡಿದ್ದೇನೆ, ಆ ನೆಲದ ಬಗ್ಗೆ ನಾನೂ ಒಂದು ದಿನ ಅಕ್ಕನನ್ನು ಕೇಳಿದವನಲ್ಲ.

"ಆಯ್ತಾ?" ಎಂದಳು ಅಕ್ಕ.

"ಆಯ್ತು."

"ಮಂಡಿಗೆ ಪಟ್ಟಿ ಕಟ್ಟಿದೀರಾ?"

"ಕಟ್ಟಿದೀನಿ" ಎಂದು ಭಾವ ಸುಳ್ಳು ಹೇಳಿದರು. ಫೋನು ಇಟ್ಟಮೇಲೆ ಎದ್ದು ಹೋಗಿ ಕಟ್ಟಿಕೊಂಡರು.

ಮಧ್ಯಾಹ್ನ ಪುಡಿ ಕಲಸಿ, ಸುತ್ತು ಹಾಕಿದಲ್ಲೆಲ್ಲ ಸುರಿದು, ಬಾಗಿಲ ಕಡೆಯ ಇಳಿಜಾರನ್ನೂ ತುಂಬಿದೆವು. ಶನಿವಾರ ಅದನ್ನು ಒಣಗಲು ಬಿಟ್ಟು, ಇಬ್ಬರೂ ಹಿತ್ತಲಲ್ಲಿ ಅಕ್ಕನ ಪಾತ್ರೆಗಳ ನಡುವೆ ಕೂತು ಕಾದೆವು. ಭಾನುವಾರ ಹಲಗೆ ಮತ್ತೆ ಒಳಗೆ ಬಂದವು. ನಂಬರಿದ್ದ ಕಾರಣ ಗುರುವಾರದ ಅರ್ಧ ಹೊತ್ತೂ ಹಿಡಿಯಲಿಲ್ಲ. ಗೋಡೆಯ ಸಂದು ನೋಡಿ, ಪಟ್ಟಿ ಹೊಡೆದು, ಸಾಮಾನು ಜೋಡಿಸಿದೆವು. ಗೋಲಿ ಪರೀಕ್ಷೆ ಮಾಡೋಣವೇ ಎಂದು ಪೊಟ್ಟಣ ತೆಗೆದೆ. ಭಾವ ಬೇಡವೆಂದರು. "ಅವಳದ್ದೇ ಇಡಲಿ. ಏನಾಗುತ್ತೋ ಆಗಲಿ." ಆ ರಾತ್ರಿ ಅವರು ನಿದ್ದೆ ಮಾಡಿದರೋ ಇಲ್ಲವೋ, ನನಗಂತೂ ಬರಲಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಮಗಳ ಕಾರು ಬಾಗಿಲಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಅಕ್ಕನ ಬಟ್ಟೆಯ ಚೀಲ ಕಾಣುತ್ತಿತ್ತು. ಮಗಳು ಅದನ್ನು ಇಳಿಸಲಿಲ್ಲ. ಅಮ್ಮ ಹೇಳಿದ ಮೇಲೆಯೇ ಇಳಿಸುವುದು ಎಂದು ಮೊದಲೇ ಮಾತಾಗಿತ್ತೆಂದು ಕಾಣುತ್ತದೆ. "ಅಪ್ಪ, ಚೆನ್ನಾಗಿ ಬಂದಿದೆ" ಎಂದು ಬಾಗಿಲಲ್ಲೇ ನಿಂತಳು. ಅಪ್ಪ ಕೇಳಿಸಿಕೊಳ್ಳಲಿಲ್ಲ. ಅವರ ಕಣ್ಣು ಅಕ್ಕನ ಕಾಲಿನ ಮೇಲೆ ಇತ್ತು.

ಅಕ್ಕ ಸ್ಟ್ಯಾಂಡ್ ಹಿಡಿದು ಒಳಗೆ ಬಂದಳು. ಒಂದು ಹೆಜ್ಜೆ, ಒಂದು ಟಕ್. ಒಂದು ಹೆಜ್ಜೆ, ಒಂದು ಟಕ್. ಹಾಲಿನ ನಡುವೆ ಬಂದಾಗ ಗುಳಿಯಿದ್ದ ಜಾಗಗಳನ್ನು ಒಂದೊಂದಾಗಿ ನೋಡಿದಳು, ಹೊಸ ನೆಲದ ಕೆಳಗೆ ಅವು ಅವಳಿಗೆ ಕಾಣುತ್ತಿದ್ದವೋ ಏನೋ. ಅಡುಗೆಮನೆ ಬಾಗಿಲು ಬಂತು. ಅಲ್ಲಿ ಈಗ ದಾಟಲು ಏನೂ ಇಲ್ಲ. ಆದರೂ ಅವಳ ಬಲಗಾಲು ತಾನಾಗಿ ಎತ್ತರಕ್ಕೆ ಎದ್ದಿತು. ಅವಳ ಹಿಂದೆಯೇ ಬರುತ್ತಿದ್ದ ಭಾವನ ಕಾಲೂ ಎದ್ದಿತು. ಮಗಳು ಕಿಸಕ್ಕನೆ ನಕ್ಕಳು.

ಅಕ್ಕ ನಗಲಿಲ್ಲ. ಕನ್ನಡಕದ ಡಬ್ಬಿಯಿಂದ ಗೋಲಿ ತೆಗೆದು ನನ್ನ ಕೈಗಿಟ್ಟಳು. "ನೀನಿಡು ತಮ್ಮ. ಅವರ ಕೈಯಲ್ಲಿ ಬೇಡ. ಮೂವತ್ತು ವರ್ಷದ ಕೈ, ಏನಾದ್ರೂ ಉಪಾಯ ಮಾಡುತ್ತೆ."

ನಾನು ಕೂತೆ. ಬಾಗಿಲ ಸರಿಯಾಗಿ ನಡುವೆ ಗೋಲಿ ಇಟ್ಟು ಕೈ ತೆಗೆದೆ. ಅದು ಒಂದು ಕೂದಲೆಳೆಯಷ್ಟು ಆ ಕಡೆ ವಾಲಿತು, ಈ ಕಡೆ ವಾಲಿತು, ನಿಂತಿತು. ನಾವು ನಾಲ್ಕೂ ಜನ ಅದನ್ನೇ ನೋಡುತ್ತಾ ನಿಂತೆವು. ಹೊರಗೆ ಯಾರೋ ಸೈಕಲ್ ಬೆಲ್ ಮಾಡುತ್ತಾ ಹೋದರು. ಗೋಲಿ ಅಲ್ಲೇ ಇತ್ತು.

"ನಿಂತಿದೆ" ಎಂದೆ.

ಭಾವನೇ ಮಾತಾಡಿದರು. ಅಷ್ಟು ದಿನದಿಂದ ಅವರನ್ನು ಕೊರೆಯುತ್ತಿದ್ದ ಪ್ರಶ್ನೆ ಅದು. "ಒಂದು ಮಾತು ಹೇಳೇ. ಬಿದ್ದಿದ್ದೆಲ್ಲ ಕಿಟಕಿ ಕಡೆಗೇ ತಾನೇ ಉರುಳ್ತಿತ್ತು? ನಾನೇ ಕಣ್ಣಾರೆ ನೋಡಿದೀನಿ. ನನ್ನ ಕುರ್ಚಿ ಕಾಲ ಹತ್ರವೇ ಬಂದು ನಿಲ್ತಿತ್ತು."

"ಕುರ್ಚಿ ಹತ್ರ ಬಂದಿದ್ದು ನಿಮಗೆ ಕಾಣ್ತಿತ್ತು" ಎಂದಳು ಅಕ್ಕ. "ಬಾಗಿಲ ಕಡೆ ಹೋಗಿದ್ದನ್ನೆಲ್ಲ ನೀವು ಬರೋದ್ರೊಳಗೆ ನಾನು ಎತ್ತಿಡ್ತಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದಳು, ಅಷ್ಟೇ.

ನಾನು ಗೋಲಿ ತೆಗೆಯಲು ಬಗ್ಗಿದೆ. ಭಾವ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. ಚೌಕಟ್ಟು ಹಿಡಿದುಕೊಂಡು ಮೊದಲು ಒಂದು ಮಂಡಿ ಊರಿದರು, ಅಯ್ಯಮ್ಮಾ ಎಂದರು, ಆಮೇಲೆ ಇನ್ನೊಂದು ಊರಿದರು. ಗೋಲಿ ಎತ್ತಿಕೊಂಡರು. ಏಳಲು ಎಷ್ಟೋ ಹೊತ್ತು ಹಿಡಿಯಿತು, ಯಾರನ್ನೂ ಹತ್ತಿರ ಬಿಡಲಿಲ್ಲ. ಎದ್ದು ನಿಂತು ಉಸಿರು ಬಿಡುತ್ತಾ, ಗೋಲಿಯನ್ನು ಜೇಬಿಗೆ ಹಾಕಿಕೊಳ್ಳದೆ ಅಕ್ಕನ ಕೈಗೆ ಕೊಟ್ಟರು.

"ಇನ್ಮೇಲೆ ಬಿದ್ದಿದ್ದನ್ನ ನಾನು ಎತ್ತಿಡ್ತೀನಿ" ಎಂದರು. "ನೀನು ಬಗ್ಗಬೇಡ."

ಅಕ್ಕ ಗೋಲಿಯನ್ನು ಒಮ್ಮೆ ಅಂಗೈಯಲ್ಲಿ ಹೊರಳಿಸಿ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದಳು.

"ಚೀಲ ಇಳಿಸಮ್ಮ" ಎಂದಳು. "ಹಾಗೇ ನಿಮ್ಮಪ್ಪನಿಗೆ ಒಂದು ಲೋಟ ಟೀ ಮಾಡು."